ಬ್ರೇಕ್ ಆಯಿಲ್ ಎಲ್ಲಿ ಹೋಯಿತು? ಹಳೆಯ ಗಾಡಿಯಲ್ಲಿ ಕೆಂಪು ದೀಪ ಹತ್ತಿದಾಗ ಹುಡುಕುವ ಬಗೆ

ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿಯ ಮಾರುಕಟ್ಟೆಯಾದ ನೆಹರೂ ಗಂಜ್‌ಗೆ ಬರುವ ಸರಕು ಗಾಡಿಗಳಲ್ಲಿ ಹಳೆಯವಕ್ಕೇನೂ ಬರವಿಲ್ಲ. ಟಾಟಾ 407, ಬೊಲೆರೊ ಪಿಕಪ್‌ಗಳು ಎರಡು ಮೂರು ಕೈ ಬದಲಾದ ಮೇಲೂ ದುಡಿಯುತ್ತಲೇ ಇರುತ್ತವೆ. ಅಂಥ ಗಾಡಿಯಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿದರೆ ಅನೇಕ ಚಾಲಕರು ಮಾಡುವುದು ಒಂದೇ ಕೆಲಸ: ಬಾನೆಟ್ ಎತ್ತಿ, ಡಬ್ಬಿಗೆ ಬ್ರೇಕ್ ಆಯಿಲ್ ಸುರಿದು, ದೀಪ ಆರಿತೆಂದು ಹೊರಟುಬಿಡುವುದು.

ಬ್ರೇಕ್ ಆಯಿಲ್ ಡೀಸೆಲ್‌ನಂತೆ ಉರಿದು ತೀರುವ ವಸ್ತುವಲ್ಲ. ಅದರ ಮಟ್ಟ ಇಳಿದಿದ್ದರೆ ಒಂದೋ ಚಕ್ರವನ್ನು ಒತ್ತಿ ನಿಲ್ಲಿಸುವ ಲೈನರ್ (ಡ್ರಮ್ ಬ್ರೇಕಿನದು) ಅಥವಾ ಪ್ಯಾಡ್ (ಡಿಸ್ಕ್ ಬ್ರೇಕಿನದು) ಸವೆದಿವೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಸುರಿದು ಹೊರಟವನು ಎರಡರಲ್ಲಿ ಯಾವುದೆಂದು ತಿಳಿಯುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಆದ್ದರಿಂದ ಮೊದಲು ಹುಡುಕಬೇಕು, ಆಮೇಲೆ ಸುರಿಯಬೇಕು. ದೊಡ್ಡ ಲಾರಿ, ಟಿಪ್ಪರ್‌ಗಳದ್ದು ಏರ್ ಬ್ರೇಕ್. ಅವುಗಳ ದೀಪ ಗಾಳಿಯ ಒತ್ತಡ ಇಳಿದದ್ದನ್ನು ಹೇಳುತ್ತದೆ. ಇಲ್ಲಿ ಹೇಳುವುದೆಲ್ಲ ಆಯಿಲ್ ಬ್ರೇಕಿನ ಗಾಡಿಗಳಿಗೆ ಮಾತ್ರ.

ದೀಪ ಏಕೆ ಹತ್ತಿದೆ?

ಮೊದಲು ಗಾಡಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿ. ಪೆಡಲ್ ತಳಕ್ಕೆ ಹೋದರೆ, ಅಥವಾ ಒತ್ತಿ ಹಿಡಿದಂತೆ ನಿಧಾನವಾಗಿ ಇಳಿಯುತ್ತ ಹೋದರೆ ಗಾಡಿಯನ್ನು ಓಡಿಸಲೇಬಾರದು. ಗ್ಯಾರೇಜು ಎರಡು ಕಿಲೋಮೀಟರ್ ದೂರದಲ್ಲೇ ಇದ್ದರೂ ಅಷ್ಟೇ. ಮೆಕ್ಯಾನಿಕ್ ಅಲ್ಲಿಗೇ ಬರಲಿ, ಇಲ್ಲವೇ ಗಾಡಿಯನ್ನು ಬೇರೆ ವಾಹನದ ಮೇಲೆ ಹೇರಿ ಸಾಗಿಸಿ. ಹಗ್ಗ ಕಟ್ಟಿ ಎಳೆಸುವ ಯೋಚನೆ ಬೇಡ. ಎಳೆಯುವ ಗಾಡಿ ನಿಂತಾಗ ನಿಮ್ಮದನ್ನು ನಿಲ್ಲಿಸುವವರು ಯಾರು?

ಪೆಡಲ್ ಗಟ್ಟಿಯಾಗಿದ್ದರೆ ನಿಧಾನವಾಗಿ ಹುಡುಕಬಹುದು. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಬಹುತೇಕ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕಿಗೂ ಆಯಿಲ್ ಮಟ್ಟಕ್ಕೂ ಇರುವುದು ಒಂದೇ ದೀಪ. ನಂತರ ಡಬ್ಬಿಯ ಮೇಲಿನ ಕನಿಷ್ಠ ಮತ್ತು ಗರಿಷ್ಠ ಗೆರೆಗಳನ್ನು ಗಮನಿಸಿ. ಮಟ್ಟ ಸರಿಯಿದ್ದೂ ದೀಪ ಹತ್ತಿದ್ದರೆ ಮುಚ್ಚಳದ ಮೇಲಿನ ವೈರ್ ಬಿಡಿಸಿ. ದೀಪ ಆರಿದರೆ ಒಳಗಿನ ತೇಲುವ ಸ್ವಿಚ್ ಕೆಟ್ಟಿದೆ. ಆರದಿದ್ದರೆ ಹ್ಯಾಂಡ್ ಬ್ರೇಕಿನ ಸ್ವಿಚ್ ಅಥವಾ ವೈರಿಂಗ್ ಕಡೆ ನೋಡಬೇಕು. ತೇಲು ಅಂಟಿಕೊಂಡು ಮಟ್ಟ ಇಳಿದರೂ ದೀಪ ಹತ್ತದಿರುವುದು ಇದಕ್ಕಿಂತ ಅಪಾಯ. ಇನ್ನು ಕಾಟ ತಾಳದೆ ಯಾರೋ ಬಲ್ಬನ್ನೇ ಕಿತ್ತಿಟ್ಟ ಗಾಡಿಗಳೂ ಇರುತ್ತವೆ. ಹಳೆಯ ಗಾಡಿ ಕೊಂಡವರು ಹ್ಯಾಂಡ್ ಬ್ರೇಕ್ ಎಳೆದು, ಕೀಲಿ ತಿರುಗಿಸಿ, ದೀಪ ಹತ್ತುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮಟ್ಟ ನಿಜಕ್ಕೂ ಇಳಿದಿದ್ದು, ಎಲ್ಲೂ ತೇವವಿಲ್ಲದಿದ್ದರೆ ಮುಂದಿನ ಡಿಸ್ಕ್ ಪ್ಯಾಡ್‌ಗಳನ್ನು ನೋಡಿ. ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಹೊರಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಇದು ತಿಂಗಳುಗಟ್ಟಲೆ ನಡೆಯುವ ಇಳಿಕೆ. ವಾರದಲ್ಲಿ ಬೆರಳಗಲ ಇಳಿದರೆ ಅದು ಸೋರಿಕೆಯೇ.

ಸೋರಿದ್ದು ಬ್ರೇಕ್ ಆಯಿಲೇ ಎಂದು ತಿಳಿಯುವುದು

ಹಳೆಯ ಗಾಡಿಯ ಕೆಳಗೆ ಎಂಜಿನ್ ಆಯಿಲ್, ಕ್ರೌನ್ ಆಯಿಲ್ (ಹಿಂದಿನ ಆಕ್ಸಲ್ಲಿನ ಗೇರ್ ಆಯಿಲ್), ಡೀಸೆಲ್ ಎಲ್ಲವೂ ತೊಟ್ಟಿಕ್ಕಿರುತ್ತವೆ. ಬ್ರೇಕ್ ಆಯಿಲ್ ತೆಳ್ಳಗೆ, ತಿಳಿ ಹಳದಿಯಾಗಿ, ಹಳೆಯದಾದರೆ ಕಂದಾಗಿ ಇರುತ್ತದೆ. ಅನುಮಾನವಿದ್ದರೆ ಒಂದು ಲೋಟ ನೀರಿಗೆ ಎರಡು ಹನಿ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್, ಡೀಸೆಲ್ ಮೇಲೆ ತೇಲುತ್ತವೆ. ಬಣ್ಣ ಉಬ್ಬಿ ಸಿಪ್ಪೆ ಏಳುತ್ತಿರುವ ಜಾಗವೂ ಗುರುತು ಕೊಡುತ್ತದೆ, ಏಕೆಂದರೆ ಈ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಕೈಗೆ ಹತ್ತಿದರೆ ನೀರಿನಿಂದ ತೊಳೆಯಿರಿ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಜಾಗ ಹಿಡಿಯುವುದು

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಎರಡೂ ಕಡೆ ಒತ್ತುಕಲ್ಲು ಕೊಡಿ. ನಮ್ಮ ಎರೆಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ. ಅದಕ್ಕೆಂದು ಕೆಳಗೆ ಶಹಾಬಾದ್ ಪರಸಿ ಕಲ್ಲು ಇಡುವವರಿದ್ದಾರೆ. ಬೇಡ, ಭಾರ ಬಿದ್ದರೆ ಪರಸಿ ಸೀಳಿಬಿಡಬಹುದು. ದಪ್ಪ ಮರದ ಹಲಗೆ ಇಡಿ. ಜ್ಯಾಕ್ ಒಂದನ್ನೇ ನಂಬಿ ಗಾಡಿಯಡಿ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ.

ಚಕ್ರಗಳ ಒಳಬದಿ, ಪೈಪುಗಳ ಜೋಡಣೆ, ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಡಬ್ಬಿಯ ಆಯಿಲನ್ನು ಪೈಪುಗಳಿಗೆ ತಳ್ಳುವ ಭಾಗ) ಕೆಳಭಾಗ ಒರೆಸಿ ಒಣಗಿಸಿ, ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿ. ಓದಿ ಮುಗಿಸಿದ ಈ ಪುರವಣಿಯೂ ಆದೀತು. ಒಬ್ಬರು ಪೆಡಲನ್ನು ಇಪ್ಪತ್ತು ಮೂವತ್ತು ಸಲ ಜೋರಾಗಿ ಒತ್ತಲಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಆಗಲೂ ಏನೂ ಕಾಣದಿದ್ದರೆ ರಾತ್ರಿಯಿಡೀ ಹಾಗೆಯೇ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಕಲೆ ಬಿದ್ದ ಜಾಗದಿಂದ ಮೇಲಕ್ಕೆ, ಮೊದಲ ತೇವ ಸಿಗುವವರೆಗೆ ಬೆರಳಾಡಿಸುತ್ತ ಹೋಗಿ. ತೊಟ್ಟಿಕ್ಕುವ ಜಾಗವೂ ಸೋರುವ ಜಾಗವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಆಯಿಲ್ ಪೈಪಿನ ಗುಂಟ ಹರಿದು ಎಲ್ಲೋ ಬೀಳುತ್ತದೆ.

ಹಿಂದಿನ ಚಕ್ರಗಳಿಂದಲೇ ಆರಂಭಿಸಿ. ಡ್ರಮ್ಮಿನ ಹಿಂದಿನ ತಗಡಿನ ಕೆಳಗೆ, ಟೈರಿನ ಒಳಬದಿಯಲ್ಲಿ ತೇವ ಕಂಡರೆ ಡ್ರಮ್ಮಿನೊಳಗೆ ಲೈನರನ್ನು ತಳ್ಳುವ ವ್ಹೀಲ್ ಸಿಲಿಂಡರಿನ ರಬ್ಬರ್ ಸೋತಿರುವ ಸಾಧ್ಯತೆ ಹೆಚ್ಚು. ಅದೇ ಜಾಗದಲ್ಲಿ ಆಕ್ಸಲ್ಲಿನ ಸೀಲ್ ಹೋಗಿ ಕ್ರೌನ್ ಆಯಿಲ್ ಬರುವುದೂ ಉಂಟು. ಅದು ದಪ್ಪ, ವಾಸನೆ ಗಾಟು; ನೀರಿನ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಿಲಿಂಡರಿನ ಒಳಗೋಡೆ ನುಣುಪಾಗಿದ್ದರೆ ಹೊಸ ರಬ್ಬರುಗಳ ಕಿಟ್ ಹಾಕಿದರೆ ಸಾಕು. ಗೀರು, ತುಕ್ಕಿನ ಗುಳಿ ಕಂಡರೆ ಸಿಲಿಂಡರನ್ನೇ ಬದಲಾಯಿಸಬೇಕು.

ಆಯಿಲ್ ಕುಡಿದ ಲೈನರ್ ಮಾತ್ರ ಉಳಿಯುವುದಿಲ್ಲ. ಪೆಟ್ರೋಲ್ ಹಾಕಿ ಸುಟ್ಟು, ಉಜ್ಜುಕಾಗದದಿಂದ ತಿಕ್ಕಿ ಮತ್ತೆ ಹಾಕುವ ರೂಢಿ ನಮ್ಮ ಕಡೆ ಇದೆ. ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲಕ್ಕೆ ಬರುತ್ತದೆ, ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಎರಡೂ ಬದಿಯ ಲೈನರ್‌ಗಳನ್ನು ಒಟ್ಟಿಗೆ ಬದಲಾಯಿಸಿ. ಹಳೆಯ ಲೈನರ್‌ಗಳಲ್ಲಿ ಉಸಿರಿಗೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಡ್ರಮ್ಮಿನ ದೂಳಿಗೆ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ.

ರಬ್ಬರ್ ಹೋಸ್‌ಗಳನ್ನು ಬಾಗಿಸಿ ಬಿರುಕು ಹುಡುಕಿ. ಚಾಸಿಗೆ ಅಂಟಿಕೊಂಡು ಹೋಗುವ ಉಕ್ಕಿನ ಪೈಪಿನ ಮೇಲೆ ಮೆತ್ತಿದ ಮಣ್ಣನ್ನು ಕೆರೆದು ನೋಡಿ. ಒದ್ದೆ ಮಣ್ಣಿನಡಿಯಲ್ಲೇ ತುಕ್ಕು ತಿನ್ನುವುದು. ತೂತಾದ ಪೈಪಿಗೆ ರಬ್ಬರ್ ಕೊಳವೆ ತೊಡಿಸಿ ಕ್ಲಿಪ್ ಬಿಗಿಯುವುದು, ಸೋರುವ ಚಕ್ರದ ಪೈಪನ್ನು ಮಡಚಿ ಬಡಿದು ಮುಚ್ಚುವುದು, ಇವೆರಡನ್ನೂ ಯಾರು ಸಲಹೆ ಮಾಡಿದರೂ ಒಪ್ಪಬೇಡಿ. ಜೋರಾಗಿ ಬ್ರೇಕ್ ಒತ್ತಿದಾಗ ಆ ಪೈಪಿನಲ್ಲಿರುವ ಒತ್ತಡ ಟೈರಿನ ಗಾಳಿಯ ಒತ್ತಡಕ್ಕಿಂತ ಹಲವು ಪಟ್ಟು.

ಇಷ್ಟು ನೋಡಿಯೂ ಎಲ್ಲ ಒಣಗಿದ್ದು ಮಟ್ಟ ಇಳಿಯುತ್ತಲೇ ಇದ್ದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಮೇಲೆ ಅನುಮಾನ ಪಡಿ. ಅದು ಸೋರಿದರೆ ಆಯಿಲ್, ಪೆಡಲಿನ ಬಲ ಹೆಚ್ಚಿಸುವ ಬೂಸ್ಟರಿನ ಒಳಗೆ ಸೇರುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಕೆಲವು ಗಾಡಿಗಳಲ್ಲಿ ಕ್ಲಚ್‌ಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಗೇರ್ ಬೀಳಲು ತೊಡಕಾಗುತ್ತಿದ್ದರೆ ಗೇರ್ ಬಾಕ್ಸಿನ ಬಳಿಯ ಕ್ಲಚ್ ಸಿಲಿಂಡರನ್ನೂ ನೋಡಿ. ಪೆಡಲ್ ಇಳಿಯುತ್ತಿದ್ದು ಆಯಿಲ್ ಮಾತ್ರ ಕಡಿಮೆಯಾಗದಿದ್ದರೆ ದೋಷ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರಿನದು.

ಹೊಸ ಆಯಿಲ್, ಏರ್ ತೆಗೆಯುವುದು

ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ ಹಾಕಿ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ಡಾಟ್ 4 ಆದರೆ 230. ಆದರೆ ಇದು ಗಾಳಿಯ ತೇವವನ್ನು ಹೀರುತ್ತದೆ; ನೀರು ಸೇರಿದಂತೆಲ್ಲ ಕುದಿಯುವ ಬಿಂದು ಇಳಿಯುತ್ತದೆ. ಕ್ಯಾಬಿನ್ನಿನಲ್ಲಿ ವರ್ಷದಿಂದ ಉರುಳಾಡುತ್ತಿರುವ ಅರ್ಧ ಬಾಟಲಿ ಬೇಡ, ಸೀಲ್ ಒಡೆಯದ ಸಣ್ಣ ಬಾಟಲಿ ತನ್ನಿ. ತುರ್ತಿಗೆಂದು ಎಂಜಿನ್ ಆಯಿಲ್ ಹಾಕಿದರೆ ಎಲ್ಲ ರಬ್ಬರುಗಳೂ ಉಬ್ಬಿ ಕೆಡುತ್ತವೆ.

ಪೈಪ್ ಬಿಚ್ಚಿದ ಮೇಲೆ ಏರ್, ಅಂದರೆ ಒಳಗೆ ಸೇರಿದ ಗಾಳಿಯನ್ನು ತೆಗೆಯಲೇಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಒಳಬದಿಯಲ್ಲಿ ಗಾಳಿ ಬಿಡಲು ಇರುವ ನಿಪ್ಪಲಿಗೆ ಸಣ್ಣ ಕೊಳವೆ ಹಾಕಿ ಅದರ ತುದಿಯನ್ನು ಆಯಿಲಿನಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆಯೇ. ನಡುವೆ ಡಬ್ಬಿ ಬರಿದಾದರೆ ಮತ್ತೆ ಮೊದಲಿನಿಂದ ಶುರು.

ಬಯಲಿನಲ್ಲಿ ನಿಧಾನವಾಗಿ ಓಡಿಸಿ, ಗಾಡಿ ಎಳೆಯದೆ ನೇರ ನಿಲ್ಲುತ್ತದೆಯೇ ನೋಡಿ. ಕಲಬುರಗಿಯ ಸುತ್ತಲಿನ ಸಪಾಟು ರಸ್ತೆಯಲ್ಲಿ ಖಾಲಿ ಗಾಡಿಗೆ ಅರೆಬರೆ ಬ್ರೇಕೂ ಸಾಕೆನಿಸುತ್ತದೆ. ಅದೇ ಗಾಡಿ ಲೋಡ್ ಹೊತ್ತು ಪುಣೆ ದಾಟಿ ಖಂಡಾಲಾ ಘಾಟ್ ಇಳಿಯುವಾಗಿನ ಲೆಕ್ಕವೇ ಬೇರೆ. ಆದ್ದರಿಂದ ಸ್ವಲ್ಪ ಭಾರ ಹೇರಿ ಇನ್ನೊಂದು ಸುತ್ತು ಹೋಗಿ ಬನ್ನಿ. ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದಿಟ್ಟು, ಒಂದು ವಾರ ದಿನವೂ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ನೋಡುತ್ತಿರಿ.