ದನವೂ ಮೇಯಲಿ, ಗೂಡೂ ಉಳಿಯಲಿ

ಅಮೆರಿಕದ ಪ್ರೇರಿ ಎಂಬ ಬಯಲು ಹುಲ್ಲುಗಾವಲಿನಲ್ಲಿ ದನ ಸಾಕುವವರಿಗೆ ಹಕ್ಕಿಗಳ ಮೇಲೆ ಕನಿಕರ ಬಂತೆಂದರೆ ಮೊದಲು ಮಾಡುವುದು ದನಗಳನ್ನು ಹೊರಗಟ್ಟುವುದು. ಅದು ಬೇಡ. ಬೈಸನ್ ಎಂಬ ಕಾಡುದನದ ಹಿಂಡು ಮೇಯ್ದು ಮೇಯ್ದೇ ಆದ ನೆಲ ಅದು. ಸುಮ್ನೆ ಬಿಟ್ಟರೆ ಒಣಹುಲ್ಲು ದಪ್ಪಗೆ ಕೂತು, ಪೊದೆ ಎದ್ದು, ಹಕ್ಕಿಗಳೇ ಜಾಗ ಖಾಲಿ ಮಾಡುತ್ತವೆ. 1970ರಿಂದೀಚೆಗೆ ಉತ್ತರ ಅಮೆರಿಕದಲ್ಲಿ ಹುಲ್ಲುಗಾವಲಿನ ಹಕ್ಕಿಗಳು ಅರ್ಧಕ್ಕೂ ಕಡಿಮೆಯಾಗಿವೆ. ಅದರಲ್ಲಿ ದನಕ್ಕಿಂತ ನೇಗಿಲಿನ ಪಾಲು ದೊಡ್ಡದು.

ಮೊದಲು ಕರೆಂಟ್ ಬೇಲಿ ಎಳೆದು ಗಾವಲನ್ನು ಐದಾರು ಭಾಗ ಮಾಡಿ. ಮೇ ತಿಂಗಳಿಂದ ಜುಲೈವರೆಗೆ ಗೂಡಿನ ಕಾಲ. ಆಗ ಒಂದು ಭಾಗಕ್ಕಾದರೂ ದನ ಕಾಲಿಡಬಾರದು. ಮರುವರ್ಷ ಬೇರೆ ಭಾಗ ಬಿಡಿ.

ಮಂದೆಯನ್ನು ಯಾವಾಗ ಎಬ್ಬಿಸಬೇಕು ಅನ್ನುವಲ್ಲೇ ಎಲ್ಲರೂ ಎಡವುವುದು. ಕ್ಯಾಲೆಂಡರ್ ನೋಡಿ ಗೇಟು ತೆಗೆಯುತ್ತಾರೆ. ನೋಡಬೇಕಾದ್ದು ಹುಲ್ಲನ್ನು. ಅರ್ಧ ಮೇಯಲಿ, ಅರ್ಧ ಉಳಿಯಲಿ ಅನ್ನುವುದು ಅಲ್ಲಿನ ಹಳೇ ಲೆಕ್ಕ. ಆದರೆ ಆ ಅರ್ಧ ತೂಕದ್ದು, ಎತ್ತರದ್ದಲ್ಲ. ಮೇಯದ ಹುಲ್ಲನ್ನು ಒಂದು ಹಿಡಿ ಬುಡದಲ್ಲೇ ಕೊಯ್ದು, ದಾರ ಸುತ್ತಿ, ಬೆರಳ ಮೇಲೆ ಅಡ್ಡ ಇಟ್ಟು ತೂಗಿಸಿ. ಸಮ ನಿಂತ ಜಾಗ ನಡುಮಧ್ಯ ಇರುವುದಿಲ್ಲ, ಬುಡದ ಕಡೆಗೆ ಇರುತ್ತದೆ. ಹುಲ್ಲಿನ ಭಾರವೆಲ್ಲ ಕೆಳಗೇ ಅಲ್ವಾ! ಹುಲ್ಲು ಆ ಎತ್ತರಕ್ಕೆ ಇಳಿಯುವ ಮೊದಲೇ ಮಂದೆಯನ್ನು ಎಬ್ಬಿಸಬೇಕು. ನಾನಾದರೆ ಇನ್ನೂ ನಾಲ್ಕು ಬೆರಳು ಮೇಲೇ ನಿಲ್ಲಿಸುತ್ತೇನೆ. ಯಾಕೆಂದರೆ ನೆಲದಲ್ಲೇ ಗೂಡು ಕಟ್ಟುವ ಮೆಡೋಲಾರ್ಕ್ ಹಕ್ಕಿಯ ಗೂಡಿಗೆ ಹುಲ್ಲಿನದೇ ಚಾವಣಿ. ನಿಂತ ಎಸಳುಗಳನ್ನೇ ಬಾಗಿಸಿ ಹೆಣೆದು, ಪಕ್ಕದಲ್ಲಿ ಬಾಗಿಲು ಬಿಟ್ಟಿರುತ್ತದೆ. ಕಾಲಬುಡದಿಂದ ಹಕ್ಕಿ ಬುರ್ರನೆ ಎದ್ದ ಮೇಲೂ ಬಗ್ಗಿ ಹುಡುಕಿದರೇನೇ ಕಂದು ಚುಕ್ಕೆಯ ಬಿಳಿ ಮೊಟ್ಟೆ ಕಾಣುವುದು. ಹುಲ್ಲು ಬೋಳಾದರೆ ಆ ಮರೆಯೂ ಹೋಯಿತು.

ಹಾಗಂತ ಎಲ್ಲ ಕಡೆ ಒಂದೇ ಎತ್ತರ ಇಡಬೇಡಿ. ಬೊಬೊಲಿಂಕ್ ಹಕ್ಕಿಗೆ ಎತ್ತರದ ಹುಲ್ಲು ಬೇಕು, ಮೌಂಟನ್ ಪ್ಲವರ್ ಹಕ್ಕಿಗೆ ಬರೀ ನೆಲ. ಮೇಯ್ದ ಮೇಲೆ ಅಂದಕ್ಕೆಂದು ಹುಲ್ಲು ಸವರುವ ಮಿಷನ್ ಓಡಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕೊನೆಗೆ ನೀರಿನ ತೊಟ್ಟಿ. ಬಿದ್ದ ಹಕ್ಕಿ ಹತ್ತಿ ಬರಲು ಜಾಲರಿಯ ಇಳಿಜಾರು ಬೇಕು. ತೇಲುವ ಹಲಗೆ ಹಾಕಿ ಕೈತೊಳೆದುಕೊಳ್ಳಬೇಡಿ, ದನ ಮೂತಿಯಲ್ಲೇ ಪಕ್ಕಕ್ಕೆ ತಳ್ಳುತ್ತದೆ. ನೀರಿಗೆ ಬಿದ್ದ ಹಕ್ಕಿ ಗೋಡೆಗುಂಟ ಈಜುತ್ತದೆ. ಹಾಗಾಗಿ ಜಾಲರಿ ಗೋಡೆಗೆ ಅಂಟಿಕೊಂಡು ತಳದವರೆಗೆ ಇಳಿದಿರಬೇಕು, ನಡುವೆ ಸಂದು ಬಿಡಬಾರದು. ಹಗ್ಗದಲ್ಲಿ ಕಟ್ಟಬೇಡಿ, ಬೋಲ್ಟ್ ಹಾಕಿ.