‘ಸ್ಯಾಂಗ್ವಿನ್’ ಪದವನ್ನು ಅಳುಕಿಲ್ಲದೆ ಬಳಸುವುದು ಹೇಗೆ?

ಆರ್ಥಿಕ ಸುದ್ದಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ನಿತ್ಯದ ಕೆಲಸ. ಅಲ್ಲಿ ಪದೇ ಪದೇ ಎದುರಾಗುವ ಗುಣವಾಚಕ ‘ಸ್ಯಾಂಗ್ವಿನ್’. ಮುಂದೆ ಒಳ್ಳೆಯದೇ ಆಗುತ್ತದೆ ಎಂಬ ಭರವಸೆಯುಳ್ಳ, ಆ ಕಾರಣಕ್ಕೇ ನಿರಾತಂಕವಾಗಿರುವ ಎಂದು ಇದರ ಅರ್ಥ. ಓದಿದಾಗ ಅರ್ಥವಾದರೂ ಬರೆಯುವಾಗ ಇದನ್ನು ಮುಟ್ಟಲು ಅನೇಕರು ಹಿಂಜರಿಯುತ್ತಾರೆ. ಹಾಗೆ ಹಿಂಜರಿಯುವವರು ಮೊದಲು ಇದರ ಹುಟ್ಟನ್ನು ತಿಳಿದುಕೊಳ್ಳಿ.

ಲ್ಯಾಟಿನ್ ಭಾಷೆಯಲ್ಲಿ ‘ಸಾಂಗ್ವಿಸ್’ ಎಂದರೆ ರಕ್ತ. ಅದರಿಂದ ಹುಟ್ಟಿದ ಈ ಗುಣವಾಚಕ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ರಕ್ತಕ್ಕೂ ಭರವಸೆಗೂ ನಂಟು ಹಾಕಿದವರು ವೈದ್ಯರು. ಮನುಷ್ಯನ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳಿವೆ, ಯಾವುದು ಮೇಲುಗೈ ಪಡೆಯುತ್ತದೆಯೋ ಸ್ವಭಾವವೂ ಅದರಂತೆ ಎಂದು ಗ್ರೀಕ್ ವೈದ್ಯಪರಂಪರೆ ನಂಬಿತ್ತು. 2ನೇ ಶತಮಾನದ ವೈದ್ಯ ಗೇಲನ್ ಬಲಪಡಿಸಿದ ಈ ವಾದ ಯುರೋಪನ್ನು ಸಾವಿರಕ್ಕೂ ಹೆಚ್ಚು ವರ್ಷ ಆಳಿತು. ರಕ್ತ ಪ್ರಧಾನವಾದವನು ಕೆಂಪು ಮೈಬಣ್ಣದವನು, ಗೆಲುವಿನವನು, ಎದೆಗಾರ. 14ನೇ ಶತಮಾನದ ಕವಿ ಚಾಸರ್ ತನ್ನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಬರುವ ಒಬ್ಬ ಜಮೀನುದಾರನನ್ನು ಇದೇ ಪದದಿಂದ ಬಣ್ಣಿಸುತ್ತಾನೆ. ಗಡ್ಡ ಡೈಸಿ ಹೂವಿನಷ್ಟು ಬೆಳ್ಳಗೆ, ಮೈಬಣ್ಣ ‘ಸ್ಯಾಂಗ್ವಿನ್’, ಬೆಳಗ್ಗೆ ಎದ್ದರೆ ದ್ರಾಕ್ಷಾರಸದಲ್ಲಿ ಅದ್ದಿದ ರೊಟ್ಟಿ ಬೇಕು! ಪದದ ಹಳೆಯ ಜೀವ ಇಷ್ಟು ಚೆನ್ನಾಗಿ ಕಾಣುವ ಚಿತ್ರ ನನಗೆ ಬೇರೆ ಸಿಕ್ಕಿಲ್ಲ. ನಾಲ್ಕು ದ್ರವಗಳ ಸಿದ್ಧಾಂತ ಬಿದ್ದುಹೋಯಿತು, ಪದ ಉಳಿಯಿತು. ಕಪ್ಪು ಪಿತ್ತದಿಂದ ಬಂದ ‘ಮೆಲಂಕಾಲಿಕ್’ (ವಿಷಣ್ಣ), ಕಫದಿಂದ ಬಂದ ‘ಫ್ಲೆಗ್ಮ್ಯಾಟಿಕ್’ (ಉದ್ವೇಗವಿಲ್ಲದ), ಹಳದಿ ಪಿತ್ತದಿಂದ ಬಂದ ‘ಕಾಲೆರಿಕ್’ (ಮುಂಗೋಪದ) ಕೂಡ ಇದರ ಒಡಹುಟ್ಟುಗಳೇ.

ಈಗ ಬಳಕೆಗೆ ಬನ್ನಿ. ಇದು ಗಂಭೀರ ಬರವಣಿಗೆಯ ಪದ. ಹರಟೆಯಲ್ಲಿ ಇದನ್ನು ತಂದರೆ ಮಾತು ಬಿಗಿಯಾಗುತ್ತದೆ. ಯಾವುದರ ಬಗ್ಗೆ ಭರವಸೆ ಎಂದು ಹೇಳಬೇಕಾದಾಗ ಇದರ ನಂತರ ‘ಅಬೌಟ್’ ಸೇರಿಸಿ. ಸುಮ್ಮನೆ ಖುಷಿಯಾಗಿದ್ದೇನೆ ಎನ್ನಲು ಇದು ಒದಗುವುದಿಲ್ಲ. ಭರವಸೆಯ ಕಣ್ಣು ಮುಂದಿನ ದಿನಗಳ ಮೇಲಿರಬೇಕು. ಇನ್ನೊಂದು ಸಂಗತಿಯನ್ನು ಚೆನ್ನಾಗಿ ಗಮನಿಸಿ: ಪತ್ರಿಕೆಗಳಲ್ಲಿ ಇದು ಬಹಳ ಸಲ ‘ನಾಟ್’ನಂಥ ನಿಷೇಧಾರ್ಥಕ ಪದದೊಂದಿಗೆ ಬರುತ್ತದೆ. ‘ಶಿ ಈಸ್ ನಾಟ್ ಸ್ಯಾಂಗ್ವಿನ್ ಅಬೌಟ್ ದಿ ಟಾಕ್ಸ್’ ಎಂಬ ವಾಕ್ಯವನ್ನು ‘ಮಾತುಕತೆ ಫಲ ಕೊಡುತ್ತದೆ ಎಂಬ ಭರವಸೆ ಅವರಿಗಿಲ್ಲ’ ಎಂದು ನಾನು ಕನ್ನಡಿಸುತ್ತೇನೆ. ‘ಅವರು ಆಶಾವಾದಿಯಲ್ಲ’ ಎಂದರೆ ಅದು ಇಡೀ ವ್ಯಕ್ತಿತ್ವದ ಮೇಲಿನ ತೀರ್ಪಾಗುತ್ತದೆ, ಆ ಮಾತುಕತೆಯ ಬಗ್ಗೆ ಮಾತ್ರ ಹೇಳಿದಂತಾಗುವುದಿಲ್ಲ.

‘ಸ್ಯಾಂಗ್ವಿನರಿ’ ಎಂಬ ಮತ್ತೊಂದು ಪದ ನೋಡಲು ಇದರಂತೆಯೇ ಇದೆ, ಬೇರೂ ಒಂದೇ. ಆದರೆ ಅದರ ಅರ್ಥ ರಕ್ತಪಾತದ, ರಕ್ತಪಿಪಾಸು ಎಂದು. ಭರವಸೆಯಿಂದಿರುವ ಸೇನಾಧಿಕಾರಿಯ ಬಗ್ಗೆ ಬರೆಯುವಾಗ ಕೊನೆಯ ಅಕ್ಷರಗಳನ್ನು ಎರಡು ಸಲ ನೋಡಿ.