ಫೋಂಡಾದ ಹಂಚಿನ ಮನೆಯ ಅಟ್ಟ

ಗೋವಾದ ಫೋಂಡಾ ಹತ್ತಿರ ನಾವು ಕೊಂಡ ಮನೆ ಪೋರ್ಚುಗೀಸರ ಕಾಲದ್ದು. ಚಿರೇಕಲ್ಲಿನ ದಪ್ಪ ಗೋಡೆ, ಮೇಲೆ ಮಂಗಳೂರು ಹಂಚು. ಒಂದು ಹಂಚು ತೆಗೆದು ಮಗುಚಿ ನೋಡಿದರೆ ಕ್ರೈಸ್ತ ಮಿಶನರಿಗಳಾದ ಬಾಸೆಲ್ ಮಿಶನ್‌ನವರ ಮುದ್ರೆ! 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದವರು ಅವರೇ. ಶಿರಸಿಯವನಾದ ನನಗೆ ಪರವೂರಲ್ಲಿ ಪರಿಚಯದವರು ಸಿಕ್ಕ ಹಾಗಾಯಿತು. ಆದರೆ ಏಪ್ರಿಲ್ ಮಧ್ಯಾಹ್ನ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿಹಾಕುತ್ತಿತ್ತು. ಅಟ್ಟದಲ್ಲಿ ಥರ್ಮಾಮೀಟರ್ ಇಟ್ಟೆ: 47 ಡಿಗ್ರಿ.

ಮೊದಲು ಎಡವಿದ್ದು ಅವಸರದಿಂದ. ಚಳಿಗಾಲದಲ್ಲಿ ಗ್ಲಾಸ್‌ವೂಲ್, ಅಂದರೆ ಗಾಜಿನೆಳೆಯ ಉಣ್ಣೆಯ ಸುರುಳಿ ತಂದು ಮುಚ್ಚಿಗೆಯ ಮೇಲೆ ಹಾಸಿದೆ. ಜೂನಿನ ಎರಚಲು ಹಂಚಿನ ಸಂದಿಯಿಂದ ನುಗ್ಗಿ ಅದೆಲ್ಲ ಒದ್ದೆ ಕಂಬಳಿಯಾಯಿತು. ಸೆಕೆ ತಡೆಯುವುದು ಉಣ್ಣೆಯೊಳಗೆ ನಿಂತ ಗಾಳಿ. ಅಲ್ಲಿ ನೀರು ಹೊಕ್ಕರೆ ಇದ್ದೂ ಇಲ್ಲದ ಹಾಗೆ. ಕಿತ್ತು ಎಸೆದೆ. ಆ ಮಳೆಗಾಲವಿಡೀ ಟಾರ್ಚು ಹಿಡಿದು ಅಟ್ಟ ಹತ್ತುವುದು, ಹನಿ ಬಿದ್ದಲ್ಲೆಲ್ಲ ಹಂಚು ಹೊರುವ ಇಳಿಜಾರು ಮರಕ್ಕೆ, ಅಂದರೆ ಪಕಾಸಿಗೆ, ಚಾಕ್‌ಪೀಸಿನಲ್ಲಿ ಗೀಟು ಹಾಕುವುದು, ಇಷ್ಟೇ ಕೆಲಸ. ಒಟ್ಟು ಹದಿನೇಳು ಗೀಟು. ಒಡೆದ ಹಂಚು ಬದಲಿಸಿದ್ದು ಅಕ್ಟೋಬರಿನಲ್ಲಿ.

ಆಗಲೇ ತೊಲೆಗಳನ್ನೂ ನೋಡಿದೆವು. ಮತ್ತಿ ಮರ, ನೋಡಲು ಗಟ್ಟಿಮುಟ್ಟು. ಆದರೆ ಗೋಡೆಯೊಳಗೆ ಹೊಕ್ಕ ತುದಿಯನ್ನು ನಂಬಬಾರದು, ತೇವ ಕೂರುವುದು ಅಲ್ಲೇ. ಒಂದೊಂದಕ್ಕೂ ಸ್ಕ್ರೂಡ್ರೈವರ್ ಚುಚ್ಚುತ್ತ ಹೋದೆ. ಅಡುಗೆಮನೆ ಮೇಲಿನದರಲ್ಲಿ ಅದು ಚಹಾದಲ್ಲಿ ನೆನೆದ ರಸ್ಕಿಗೆ ಇಳಿದಂತೆ ಎರಡಿಂಚು ಇಳಿಯಿತು. ಬಡಗಿ ಅದರ ಪಕ್ಕಕ್ಕೇ ಜೋಡಿತೊಲೆ ಕೊಟ್ಟು ಬೋಲ್ಟು ಬಿಗಿದರು.

ಕಾದ ಹಂಚು ಕೆಂಡದ ಹಾಗೆ ಕೆಳಕ್ಕೆ ಝಳ ಹೊಡೆಯುತ್ತದೆ. ಅದಕ್ಕೆ ಝಳವನ್ನು ವಾಪಸು ತಳ್ಳುವ, ಅಲ್ಯುಮಿನಿಯಂ ಹಾಳೆ ಅಂಟಿಸಿದ ಗಾಳಿಗುಳ್ಳೆಯ ಬಬಲ್ ಶೀಟು ತಂದೆ. ಅದು ಹಂಚಿಗೆ ತಾಗಿದರೆ ತಾನೂ ಕಾಯುತ್ತದೆ. ಆದ್ದರಿಂದ ಪಕಾಸುಗಳ ಕೆಳಮೈಗೆ ಹೊಡೆದು, ನಡುವೆ ಪಕಾಸಿನ ದಪ್ಪದಷ್ಟು ಖಾಲಿ ಉಳಿಸಿದೆ. ಸೂರಿನ ಬುಡದಲ್ಲೂ ನೆತ್ತಿಯಲ್ಲೂ ಒಂದು ಗೇಣು ಬಿಟ್ಟೆ, ಗಾಳಿಯಾಡಬೇಕಲ್ಲ. ಲೋಹದ ಹಾಳೆಯಾದ್ದರಿಂದ ಹಳೇ ವೈರುಗಳನ್ನೆಲ್ಲ ಮೊದಲೇ ತೆಗೆಸಿ ಹೊಸದನ್ನು ಪೈಪಿನೊಳಗೆ ಎಳೆಸಿದ್ದೆ. ಪಿನ್ನು ಹೊಡೆಯುವಾಗ ಮೇನ್ ಆಫ್.

ತೊಲೆಗಳ ನಡುವೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನೆಳೆಯ ಉಣ್ಣೆ), ಮೇಲೆ ತೇವ ತಾಳುವ 18 ಮಿ.ಮೀ. ಮರೈನ್ ಪ್ಲೈ. ಅಜ್ಜನ ಮನೆಯ ಅಟ್ಟದಲ್ಲಿ ಹಲಗೆಯ ಮೇಲೆ ನಾಲ್ಕು ಬೆರಳು ಮಣ್ಣು ಮೆತ್ತಿದ್ದರು, ಅದೂ ಇದೇ ಉಪಾಯ. ಅಷ್ಟು ಭಾರ ಹೇರುವ ಧೈರ್ಯ ನನಗಾಗಲಿಲ್ಲ. ಎಂಟಡಿ-ನಾಲ್ಕಡಿಯ ಪ್ಲೈ ಅಟ್ಟದ ಬಾಯಲ್ಲಿ ತೂರಲೇ ಇಲ್ಲ! ಅಂಗಡಿಯಲ್ಲೇ ಎರಡಡಿ ಅಗಲಕ್ಕೆ ಸೀಳಿಸಬೇಕಿತ್ತು, ಅಂಗಳದಲ್ಲಿ ಬೆವರಿಳಿಸಿಕೊಂಡು ಕೊಯ್ದೆ. ತೊಲೆಗಳ ಅಂತರವೋ ಒಂದೊಂದು ಕಡೆ ಒಂದೊಂದು. ಪ್ರತಿ ತುಂಡನ್ನೂ ತುದಿ ತೊಲೆಯ ಮೇಲೇ ಕೂರುವಂತೆ ಅಳೆದು ನಂಬರು ಬರೆದೆ. ಮೊಳೆ ಹೊಡೆದರೆ ಅದುರಿ ಹಂಚು ಜಾರುತ್ತದೆ, ಹಾಗಾಗಿ ಬರೀ ಸ್ಕ್ರೂ. ಮಾಸ್ಕು, ಗ್ಲೌಸು, ತುಂಬುತೋಳಿನ ಅಂಗಿ ಇದ್ದೂ ರಾಕ್‌ವೂಲ್ ಎಳೆಗೆ ಎರಡು ದಿನ ಕುತ್ತಿಗೆ ತುರಿಸಿತು. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಕೆಲಸ. ಆಮೇಲೆ ಅಲ್ಲಿ ಕೂರಲಾಗದು.

ಈ ಏಪ್ರಿಲ್‌ನಲ್ಲಿ ಅಟ್ಟ 40ಕ್ಕೆ ನಿಂತಿತು, ಕೋಣೆ 32. ಹಾಳೆಯ ಮೇಲೆ ಜಾರಿಬರುವ ನೀರು ಕಣ್ಣಿಗೆ ಬೀಳಲೆಂದು ಸೂರಿನ ಕಡೆ ಎರಡಡಿ ಪ್ಲೈ ಹಾಕದೆ ಬಿಟ್ಟಿದ್ದೇನೆ. ಮೊನ್ನೆಯ ಮಳೆಗೆ ಅಲ್ಲೊಂದು ಹನಿ ಕಂಡಿತು. ಹದಿನೆಂಟನೇ ಗೀಟು ಹಾಕಿ ಇಳಿದೆ.